ಈಕೆ ನಿಮಗೇನಾಗಬೇಕು?

ಕೋರ್ಟಿನ ಒಂದು ವಾಯಿದೆಗೆ ಏನೇನು ಖರ್ಚು ಎಂಬುದು ಇಸ್ತ್ರಿ ಅಂಗಡಿಯವಳಿಗೆ ಬಾಯಿಪಾಠವಾಗಿತ್ತು. ಇಬ್ಬರ ಬಸ್ಸು, ಸಾಕ್ಷಿ ಹೇಳಬೇಕಾದ ಮಂಡಿನೋವಿನ ಅಜ್ಜನಿಗಾಗಿ ಆಟೊ, ಜೆರಾಕ್ಸು, ಎರಡು ಚಹಾ, ಅಂಗಡಿ ಮುಚ್ಚಿದ್ದಕ್ಕೆ ಒಂದು ದಿನದ ದುಡಿಮೆ. ಇಷ್ಟೆಲ್ಲ ಸುರಿದು ಮನೆಗೆ ತರುತ್ತಿದ್ದದ್ದು ಮುಂದಿನ ತಾರೀಕು ಮಾತ್ರ.

ಗೋದಾಮಿಗೆ ಬೆಂಕಿ ಇಟ್ಟನೆಂದು ಅವಳ ಗಂಡನನ್ನು ಜೈಲಿಗೆ ಹಾಕಿದ್ದರು. ಗೋದಾಮು ಉರಿಯುವ ಹೊತ್ತಿಗೆ ಅವನು ಊರಿನ ಇನ್ನೊಂದು ತುದಿಯಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕಿಸುತ್ತ ಕೂತಿದ್ದ. ಅದಕ್ಕೆ ಸಾಕ್ಷಿ ಪಂಕ್ಚರ್ ಹಾಕಿದ ಅಜ್ಜ ಒಬ್ಬನೇ. ಆ ಅಜ್ಜನಿಗೋ ಹಿಂದಿಲ್ಲ ಮುಂದಿಲ್ಲ. ಸ್ವಂತದ್ದು ಅಂತ ಇದ್ದದ್ದು ಕೆಮ್ಮು.

"ಸಾಕ್ಷಿ ಗಟ್ಟಿ ಇದೆಯಮ್ಮ," ಎಂದಿದ್ದರು ವಕೀಲರು.

ಅವಳು ಹೋಗಿ ನೋಡಿದಳು. ಸಾಕ್ಷಿ ಗಟ್ಟಿಯಿರಬಹುದು, ಅಜ್ಜ ಗಟ್ಟಿಯಿರಲಿಲ್ಲ. ಕೋರ್ಟಿನ ನಡಿಗೆ ನೋಡಿದರೆ ಸಾಕ್ಷಿ ಹೇಳುವ ದಿನದವರೆಗೆ ಈ ಜೀವ ನಿಲ್ಲುವುದು ಅನುಮಾನ. ಮರುದಿನದಿಂದಲೇ ಊಟದ ಡಬ್ಬಿ ಒಯ್ಯತೊಡಗಿದಳು.

"ನನ್ನ ಮೇಲೆ ಯಾಕಮ್ಮ ಇಷ್ಟು ಅಕ್ಕರೆ?"

"ಅಕ್ಕರೆನೂ ಇಲ್ಲ, ಸಕ್ಕರೆನೂ ಇಲ್ಲ. ನೀವು ಕಣ್ಣು ಮುಚ್ಚಿದ್ರೆ ನನ್ನ ಗಂಡ ಒಳಗೇ ಕೊಳೀತಾನೆ."

"ಹಾಗಾದ್ರೆ ನಾಳೆ ಉಪ್ಪು ಕಮ್ಮಿ ಹಾಕು. ಬಿ.ಪಿ. ಇದೆ."

ಬೆಂಕಿ ಬಿದ್ದ ದಿನದ ಮಾತು ಮಾತ್ರ ಅಜ್ಜನ ಹತ್ತಿರ ಎತ್ತಬೇಡ, ಹೇಳಿಕೊಟ್ಟ ಸಾಕ್ಷಿ ಅಂತಾರೆ ಎಂದು ವಕೀಲರು ಎಚ್ಚರಿಸಿದ್ದರು. ಅವಳು ಎತ್ತಲಿಲ್ಲ. ಪ್ರತಿ ವಾಯಿದೆಗೂ ಅಜ್ಜನ ಬಿಳಿ ಅಂಗಿಗೆ ಗರಿಗರಿ ಇಸ್ತ್ರಿ ಹಾಕುವಳು. ಕೋರ್ಟಿಗೆ ಹೋದರೆ ಒಮ್ಮೆ ನ್ಯಾಯಾಧೀಶರಿಗೆ ವರ್ಗ, ಒಮ್ಮೆ ಸರ್ಕಾರಿ ವಕೀಲರಿಗೆ ಜ್ವರ, ಒಮ್ಮೆ ಫೈಲೇ ನಾಪತ್ತೆ. ಕಾಲರ್ ಹರಿಯಿತು, ತಿರುಗಿಸಿ ಹೊಲಿದಳು. ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದ ವರ್ಷ, ಡಬ್ಬಿ ಹೊತ್ತು ಓಡಾಡುವುದಕ್ಕಿಂತ ಇದೇ ಸಲೀಸು ಎಂದು ಗೊಣಗುತ್ತ ಅವನನ್ನೇ ಮನೆಗೆ ತಂದಿಟ್ಟುಕೊಂಡಳು. ಅವಳ ಪುಟ್ಟ ಮಗಳು ಅಜ್ಜನನ್ನು ತಾತ ಎಂದಳು. ತಾನು ಯಾವಾಗಿನಿಂದ ಅಪ್ಪ ಎನ್ನತೊಡಗಿದೆನೋ ಅವಳಿಗೇ ಗೊತ್ತಿಲ್ಲ.

ಆಮೇಲೆ ಅಜ್ಜನಿಗೆ ಚಪ್ಪಲಿ ಎಲ್ಲಿಟ್ಟೆನೆಂಬುದು ಮರೆಯತೊಡಗಿತು. ಆ ದಿನವೂ ಮರೆತಿದೆಯೋ? ಕೇಳುವ ಹಾಗೂ ಇಲ್ಲ.

ಎಂಟು ವರ್ಷ ತುಂಬಿದ ಮೇಲೆ ಅಜ್ಜನನ್ನು ಕೂಗಿದರು. ಅವನು ಕಟಕಟೆ ಹಿಡಿದು ನಿಂತ.

"ಟ್ಯೂಬಿಗೆ ಎರಡು ತೂತು ಇತ್ತು ಸ್ವಾಮಿ. ಒಂದು ಮುಚ್ಚಿದೆ, ಗಾಳಿ ಮತ್ತೆ ಇಳೀತು. ಪಾಪ, ಹುಡುಗ ಕಾಯ್ತಾ ಕೂತಿದ್ದ. ದೂರದಲ್ಲಿ ಹೊಗೆ ಎದ್ದಾಗ 'ಅಜ್ಜಾ, ಏನೋ ಉರೀತಿದೆ' ಅಂತ ತೋರಿಸಿದ್ದೇ ಅವನು."

ಅಜ್ಜ ಒಂದನ್ನೂ ಮರೆತಿರಲಿಲ್ಲ. ಆಗ ಸರ್ಕಾರಿ ವಕೀಲರು ಎದ್ದು, ಅವಳತ್ತ ಬೆರಳು ತೋರಿಸಿ ಕೇಳಿದರು: "ಈಕೆ ನಿಮಗೇನಾಗಬೇಕು?"

ಯಾರೂ ಅಲ್ಲ ಅನ್ನಪ್ಪ, ಎಂದು ಅವಳ ಮನಸ್ಸು ಬೇಡಿಕೊಂಡಿತು.

"ಮಗಳು," ಅಂದ ಅಜ್ಜ.

"ಅಂದ್ರೆ ಅಳಿಯನ್ನ ಬಿಡಿಸೋಕೆ ಬಂದಿದ್ದೀರಿ!"

"ಆವತ್ತೇ ಕರೆದಿದ್ರೆ ಇವಳು ನನಗೆ ಯಾರೋ ಆಗಿರ್ತಿದ್ಲು ಸ್ವಾಮಿ. ತಡ ಮಾಡಿದ್ದು ನೀವು. ಅಷ್ಟರಲ್ಲಿ ಮಗಳಾದ್ಲು. ಟ್ಯೂಬಿಗೆ ಆವತ್ತೂ ಎರಡೇ ತೂತು, ಇವತ್ತೂ ಎರಡೇ."

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಈ ಕೇಸು ಯಾವ ವರ್ಷದ್ದು ಎಂದು ಗುಮಾಸ್ತನನ್ನು ಕೇಳಿದರು. ಉತ್ತರ ಕೇಳಿ, "ಅಜ್ಜನಿಗೆ ಕುರ್ಚಿ ಕೊಡಿ," ಎಂದರು.

ಮುಂದಿನ ತಿಂಗಳು ಗಂಡ ನಿರಪರಾಧಿಯೆಂದು ಹೊರಬಂದ. ತಲೆ ಅರ್ಧ ಬೆಳ್ಳಗಾಗಿತ್ತು. ಇಸ್ತ್ರಿ ಮೇಜಿನ ಕೆಳಗೆ ತೆವಳುತ್ತಿದ್ದ ಮಗಳು ಈಗ ಮೇಜಿನ ಮುಂದೆ ನಿಂತು ಬಟ್ಟೆ ಮಡಿಸುತ್ತಿದ್ದಳು. ಅವನನ್ನು ಕಂಡು ತಾತನ ಬೆನ್ನ ಹಿಂದೆ ಸರಿದಳು. ಅವನು ಬಾಗಿಲಲ್ಲೇ ನಿಂತ.

"ಬಾಪ್ಪ ಒಳಗೆ," ಅಂದ ಅಜ್ಜ, "ನಿನ್ನ ಮನೇನೇ ಇದು."

ಹೋದ ಎಂಟು ವರ್ಷವನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ಮಗಳ ಎಳೆತನ ಅವನ ಪಾಲಿಗೆ ಇಲ್ಲವೇ ಇಲ್ಲ. ಅವಳಿಗೆ ಗಂಡ ಬಂದ, ಅಪ್ಪ ಉಳಿದ.