ಮೂರನೇ ಭೇಟಿ

ವಿಶ್ವವಿದ್ಯಾಲಯದ ದೇಣಿಗೆ ವಿಭಾಗದಲ್ಲಿ ಒಂದು ಉಕ್ಕಿನ ಬೀರು ಇತ್ತು. ಅದರೊಳಗೆ ನಾನೂರು ಜನರ ಗುಟ್ಟು ಇತ್ತು. ಗುಟ್ಟು ಅಂದರೆ ಕಳ್ಳತನದ ಗುಟ್ಟಲ್ಲ. ಯಾವ ದಾನಿಗೆ ಸೊಂಟ ನೋವು, ಯಾರಿಗೆ ಅಳಿಯನ ಹೆಸರೆತ್ತಿದರೆ ಮೈಯುರಿ, ಯಾರ ಮನೆಯಲ್ಲಿ ಕೊಟ್ಟದ್ದನ್ನು ಎರಡನೇ ಸಲ ಹಾಕಿಸಿಕೊಳ್ಳದಿದ್ದರೆ ಮುನಿಸು, ಇಂಥವು. ಪ್ರತಿಯೊಬ್ಬರಿಗೂ ಒಂದು ಪರಿಚಯ ಹಾಳೆ. ಹಾಳೆಯ ಕೊನೆಯಲ್ಲಿ 'ಮುಂದಿನ ಹೆಜ್ಜೆ' ಎಂಬ ಕಲಂ. ಅಲ್ಲಿ ಏನಾದರೂ ಬರೆಯದೆ ಫೈಲು ಬೀರುವಿಗೆ ಹೋಗುವಂತಿಲ್ಲ, ಬರೆದದ್ದನ್ನು ಮೂರು ತಿಂಗಳಿಗೊಮ್ಮೆ ನೋಡಿ ತಾರೀಕು ಹಾಕದೆ ಇಡುವಂತಿಲ್ಲ. ಈ ಕಾನೂನು ಮಾಡಿದವರು ವಿಭಾಗದ ಮುಖ್ಯಸ್ಥೆ.

ಅವರು ಮಾಡಿದ ಕಾನೂನು ಇನ್ನೂ ಎರಡಿದ್ದವು. ಮೊದಲ ಎರಡು ಭೇಟಿಯಲ್ಲಿ ದಾನಿಯ ಹತ್ತಿರ ಏನನ್ನೂ ಕೇಳಬಾರದು. ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ಹೇಳಿದ್ದನ್ನು ಕೇಳಿಸಿಕೊಂಡು ಬರಬೇಕು. ಬಾಯಿ ಬಿಡುವುದೇನಿದ್ದರೂ ಮೂರನೇ ಭೇಟಿಯಲ್ಲಿ. ಇನ್ನೊಂದು, ದೊಡ್ಡ ದೇಣಿಗೆ ಕೇಳುವ ದಿನ ಕುಲಪತಿಗಳ ಕೋಣೆಯಲ್ಲಿ ದಾನಿಯ ಎದುರು ಕುಲಪತಿ ಮತ್ತು ಮುಖ್ಯಸ್ಥೆ, ಇಬ್ಬರೇ ಇರಬೇಕು. "ಮೂರು ಜನ ಕೂತ್ರೆ ಜಪ್ತಿಗೆ ಬಂದ ಹಾಗಿರುತ್ತೆ" ಎನ್ನುತ್ತಿದ್ದರು. ಹಾಗಾಗಿ ವರ್ಷಗಟ್ಟಲೆ ಆ ದಾನಿಯ ಮನೆಯ ಮೆಟ್ಟಿಲು ಸವೆಸಿದ ಅಧಿಕಾರಿ ಅಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಫೈಲು ಹಿಡಿದು ಕೂತಿರಬೇಕಾಗಿತ್ತು.

ಆ ಬೆಂಚಿನ ಮೇಲೆ ಎಲ್ಲರಿಗಿಂತ ಹೆಚ್ಚು ಕೂತವಳು ಕಿವಿ. ಅದು ಅಡ್ಡಹೆಸರು, ಇಟ್ಟವಳು ಹನ್ನೆರಡು ವರ್ಷದಿಂದ ಅಲ್ಲೇ ಇದ್ದ ಟೈಪಿಸ್ಟ್. ಆರು ವರ್ಷದ ಹಿಂದೆ ಸೇರಿದಾಗಿನಿಂದ ಕಿವಿ ಆಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಪೈಪ್ ಕಾರ್ಖಾನೆಯ ಯಜಮಾನರೊಬ್ಬರಿದ್ದರು. ಅವರ ಬಳಿ ಹೋದ ಮೂವರು ಅಧಿಕಾರಿಗಳು 'ಮುದುಕರು ಬರೀ ಪೈಪಿನ ಕಥೆ ಹೇಳ್ತಾರೆ' ಎಂದು ಕೈಚೆಲ್ಲಿ ಬಂದಿದ್ದರು. ಕಿವಿ ಹೋಗಿ ಪೈಪಿನ ಕಥೆ ಕೇಳಿದಳು. ಒಂದೂವರೆ ವರ್ಷ ಕೇಳಿದಳು. ಕೊನೆಗೊಂದು ದಿನ ಪೈಪು ಮುಗಿದು, ಓದುವ ಆಸೆಯಿದ್ದೂ ಓದಲಾಗದೆ ಹೋದ ತಂಗಿಯ ಕಥೆ ಬಂತು. ಗ್ರಂಥಾಲಯದ ಹೊಸ ಓದುವ ಕೊಠಡಿ ಎದ್ದದ್ದು ಆ ತಂಗಿಯ ಹೆಸರಿನಲ್ಲಿ. ಉದ್ಘಾಟನೆಯ ಕಲ್ಲಿನ ಮೇಲೆ ಯಜಮಾನರ ಹೆಸರಿತ್ತು, ಕುಲಪತಿಗಳ ಹೆಸರಿತ್ತು, ಬಣ್ಣ ಹೊಡೆಸಿದ ಕಂಟ್ರಾಕ್ಟರನ ಹೆಸರೂ ಇತ್ತು.

ಹೊಸಬರಿಗೆ ಮುಖ್ಯಸ್ಥೆ ಮೊದಲ ವಾರವೇ ಒಂದು ಅಭ್ಯಾಸ ಕೊಡುತ್ತಿದ್ದರು: ನಿಮಗೆ ಗೊತ್ತಿರುವ ಯಾರದಾದರೂ ಪರಿಚಯ ಹಾಳೆ ಮಾಡಿ ತನ್ನಿ. ಎಲ್ಲರೂ ಚಿಕ್ಕಪ್ಪನದೋ ಸೋದರತ್ತೆಯದೋ ಗೀಚಿ ಮಾರನೇ ದಿನ ತಂದಿಡುತ್ತಿದ್ದರು. ಕಿವಿ ತರಲಿಲ್ಲ. "ಇನ್ನೂ ಮುಗಿದಿಲ್ಲ ಮೇಡಂ" ಎಂದಳು. ಎರಡು ಸಲ ಕೇಳಿ ಮುಖ್ಯಸ್ಥೆ ಮರೆತುಬಿಟ್ಟರು.

ಅವರ ನಿವೃತ್ತಿಗೆ ಈಗ ಎರಡು ವರ್ಷ ಉಳಿದಿತ್ತು. ತಮ್ಮ ಜಾಗಕ್ಕೆ ಕಿವಿಯೇ ಎಂದು ಗಟ್ಟಿಮಾಡಿಕೊಂಡು ನಾಲ್ಕು ವರ್ಷವಾಗಿತ್ತು. ಗಟ್ಟಿಮಾಡಿದ್ದು ಮನಸ್ಸಿನಲ್ಲಿ ಮಾತ್ರ. ಕಿವಿಗೆ ಹೇಳಿರಲಿಲ್ಲ. ಹೇಳಿದರೆ ತಲೆಗೇರೀತು ಎಂಬುದು ಒಂದು ಕಡೆ, ಹೇಳದಿದ್ದರೂ ಅವಳಿಗೆ ಗೊತ್ತಿರುತ್ತದೆ ಎಂಬುದು ಇನ್ನೊಂದು ಕಡೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮುಖ್ಯಸ್ಥೆಗೆ ಈ ಗಿಡ ಮದ್ದೆಂದು ಚೆನ್ನಾಗಿ ಗೊತ್ತಿತ್ತು, ನೀರು ಹಾಕಬೇಕೆಂಬುದು ಮಾತ್ರ ಹೊಳೆದಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಫೋನು ಬಂತು. ಊರಿನ ದೊಡ್ಡ ಆಸ್ಪತ್ರೆಯ ದೇಣಿಗೆ ವಿಭಾಗವನ್ನು ನೋಡಿಕೊಳ್ಳುವ ಹಳೆಯ ಸಹೋದ್ಯೋಗಿ.

"ನಿಮ್ಮ ಹುಡುಗಿಗೆ ನಾವು ಕೆಲಸದ ಪತ್ರ ಕೊಟ್ಟಿದೀವಿ. ಮುಂದಿನ ವಾರ ಶುಕ್ರವಾರದೊಳಗೆ ಹೇಳ್ಬೇಕು ಅಂದಿದೀವಿ. ನಿಮಗೆ ತಿಳಿಸದೆ ಇರೋದು ಸರಿಯಲ್ಲ ಅನ್ನಿಸ್ತು."

"ಯಾವ ಹುಡುಗಿ?" ಎಂದರು ಮುಖ್ಯಸ್ಥೆ, ಗೊತ್ತಿದ್ದೂ.

ಅಂದು ಲಿಫ್ಟ್ ಕೆಟ್ಟಿತ್ತು. ಪುಣ್ಯಕ್ಕೆ ಕುಲಸಚಿವರ ಜೊತೆಗಿನ ವಾರದ ಸಭೆ ನೆಲಮಹಡಿಗೆ ಬದಲಾಗಿತ್ತು. ಲಿಫ್ಟ್ ಕೆಟ್ಟ ದಿನವೆಲ್ಲ ಸಭೆಗಳು ಹೀಗೆ ಹೇಗೋ ಕೆಳಗೇ ಇಳಿದುಬರುತ್ತಿದ್ದವು. ಅದನ್ನು ಅವರು ತಮ್ಮ ನೋಯುವ ಎಡ ಮಂಡಿಯ ಅದೃಷ್ಟ ಎಂದುಕೊಂಡಿದ್ದರು.

ಕುಲಸಚಿವರು ವಿಷಯ ಕೇಳಿ ಕನ್ನಡಕ ಒರೆಸಿಕೊಂಡರು. "ಹೋಗೋರು ಹೋಗ್ತಾರೆ ಮೇಡಂ. ಜಾಹೀರಾತು ಕೊಟ್ರೆ ನೂರು ಅರ್ಜಿ ಬರುತ್ತೆ."

"ಅರ್ಜಿ ನೂರು ಬರುತ್ತೆ ಸರ್. ಪೈಪಿನ ಕಥೆ ಕೇಳೋರು ಬರಲ್ಲ."

ಕುಲಸಚಿವರಿಗೆ ಪೈಪಿನ ಕಥೆ ಗೊತ್ತಿರಲಿಲ್ಲ. ಅರ್ಧ ಗಂಟೆ ಎಳೆದಾಡಿ, ಕಿವಿಯ ಹುದ್ದೆಯ ಹೆಸರಿನ ಮುಂದೆ 'ಹಿರಿಯ' ಎಂದು ಸೇರಿಸಲು ಒಪ್ಪಿ ಪತ್ರಕ್ಕೆ ಸಹಿ ಹಾಕಿದರು. ಅದಕ್ಕೆ ಖರ್ಚೇನೂ ಇರಲಿಲ್ಲ.

ಕೋಣೆಗೆ ಬಂದು ಮುಖ್ಯಸ್ಥೆ ತಮಗೆ ಗೊತ್ತಿದ್ದ ಕೆಲಸ ಮಾಡಿದರು. ಒಂದು ಹೊಸ ಪರಿಚಯ ಹಾಳೆ ತೆಗೆದುಕೊಂಡು ಕಿವಿಯ ಹೆಸರು ಬರೆದರು. ಸೇರಿದ ತಾರೀಕು ಬರೆದರು. 'ಕುಟುಂಬ' ಎಂಬಲ್ಲಿ ಪೆನ್ನು ನಿಂತಿತು. ತಾಯಿ ಇದ್ದಾರೆ, ಒಮ್ಮೆ ಫೋನಿನಲ್ಲಿ 'ಅಮ್ಮಾ ಆಮೇಲೆ ಮಾತಾಡ್ತೀನಿ' ಅಂದದ್ದು ಕೇಳಿಸಿತ್ತು. ಗಂಡ ಇರಬೇಕು, ಮಳೆಗಾಲದಲ್ಲಿ ಯಾರೋ ಬೈಕಿನಲ್ಲಿ ಬಿಟ್ಟು ಹೋಗುತ್ತಿದ್ದರು. ಅಣ್ಣನೂ ಆಗಿರಬಹುದು. ಕಾಫಿಯೋ ಟೀಯೋ, ಗೊತ್ತಿಲ್ಲ. ಏನೆಂದರೆ ಸಂತೋಷ, ಏನೆಂದರೆ ಬೇಸರ, ಗೊತ್ತಿಲ್ಲ. ಪೈಪ್ ಯಜಮಾನರ ಮನೆಯಲ್ಲಿ ಹತ್ತು ವರ್ಷದ ಹಿಂದೆ ಸತ್ತ ನಾಯಿಯ ಹೆಸರು ಮಾತ್ರ ನಾಲಿಗೆಯ ತುದಿಯಲ್ಲಿತ್ತು.

ಮನೆಯಲ್ಲಿ ಅವರ ಜೊತೆ ಇದ್ದದ್ದು ಅಕ್ಕ, ನರ್ಸುಗಳ ಮೇಲ್ವಿಚಾರಕಿಯಾಗಿ ನಿವೃತ್ತರಾದವರು. ಸಂಜೆ ಇಬ್ಬರೂ ಬಟ್ಟೆ ಮಡಚುವಾಗ ಮುಖ್ಯಸ್ಥೆ ವಿಷಯ ಹೇಳಿದರು.

"ದೀಪದ ಬುಡದಲ್ಲೇ ಕತ್ತಲು ಅನ್ನೋದು ಇದಕ್ಕೇ. ನಾಳೆ ಹೋಗಿ ನೆಟ್ಟಗೆ ಕೇಳು, ಯಾಕೆ ಹೋಗ್ತಿದೀಯ, ಏನು ಬೇಕು ಅಂತ."

"ಹಾಗೆ ಏಕ್‌ದಮ್ ಕೇಳಿದ್ರೆ ಆಗಲ್ಲ ಅಕ್ಕ. ಮೊದಲು ಎರಡು ಭೇಟಿ ಆಗ್ಬೇಕು."

"ಆರು ವರ್ಷದಿಂದ ದಿನಾ ಮುಖ ನೋಡ್ತಿದೀಯಲ್ಲೇ, ಅದು ಲೆಕ್ಕಕ್ಕಿಲ್ವಾ?"

ಮುಖ್ಯಸ್ಥೆ ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿದರು. ಮೂವತ್ತು ವರ್ಷದ ಕಸುಬು ಮೈಗೆ ಅಂಟಿಕೊಂಡಿತ್ತು. ಅವಸರದ ಬಾಯಿಗೆ ಯಾರೂ ಏನೂ ಹಾಕುವುದಿಲ್ಲ ಎಂದು ನಂಬಿ ಬದುಕಿದವರು. ಕ್ಯಾಲೆಂಡರ್ ನೋಡಿದರು: ಬುಧವಾರ ಒಂದು, ಮುಂದಿನ ಸೋಮವಾರ ಎರಡು, ಗುರುವಾರ ಮೂರು. ಶುಕ್ರವಾರಕ್ಕೆ ಒಂದು ದಿನ ಮುಂಚೆಯೇ ಆಗುತ್ತದೆ.

ಬುಧವಾರ ಕಿವಿಯನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಆರು ವರ್ಷದಲ್ಲಿ ಮೊದಲ ಸಲ. ಕಿವಿ ಕಾಫಿ ತೆಗೆದುಕೊಂಡಳು, ಮುಖ್ಯಸ್ಥೆ ಅದನ್ನು ಮನಸ್ಸಿನಲ್ಲಿ ಬರೆದುಕೊಂಡರು. ಗೋಡೆಯ ಹೊಸ ಬಣ್ಣದ ಬಗ್ಗೆ ಮಾತಾಡಿದರು, ಬಸ್ಸು ತಡವಾಗಿ ಬರುವುದರ ಬಗ್ಗೆ ಮಾತಾಡಿದರು. ನಡುನಡುವೆ ಕಿವಿ ಲೋಟ ಕೆಳಗಿಟ್ಟು ಏನನ್ನೋ ಕಾಯುವವಳಂತೆ ನೋಡುತ್ತಿದ್ದಳು. ಹದ ಬರುತ್ತಿದೆ ಎಂದುಕೊಂಡು ಮುಖ್ಯಸ್ಥೆ ಒಳಗೊಳಗೇ ಹಿಗ್ಗಿದರು. ಕಾಫಿ ಮುಗಿಯಿತು, ಇಬ್ಬರೂ ಎದ್ದರು.

ಸೋಮವಾರ ಗ್ರಂಥಾಲಯದ ಹಿಂದಿನ ಕಾಲುದಾರಿಯಲ್ಲಿ ನಡೆಯಲು ಕರೆದರು. ಕೈಚೀಲದಲ್ಲಿ 'ಹಿರಿಯ' ಪತ್ರ ಇತ್ತು, ಆದರೆ ಅದು ಗುರುವಾರಕ್ಕೆ. ಹತ್ತು ಹೆಜ್ಜೆ ನಡೆದ ಮೇಲೆ ಕೇಳಿದರು: "ಅಮ್ಮ ಹೇಗಿದಾರೆ?"

ಕಿವಿ ನಿಂತಳು. "ಮೇಡಂ, ಇದು ಎರಡನೇ ಭೇಟಿ ಅಲ್ವಾ?"

ಮುಖ್ಯಸ್ಥೆ ಕೈಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿದರು.

"ಮೊದಲನೇದರಲ್ಲಿ ಗೋಡೆ, ಬಸ್ಸು. ಎರಡನೇದರಲ್ಲಿ ಮನೆಯವರ ಯೋಗಕ್ಷೇಮ. ನೀವೇ ಹೇಳಿಕೊಟ್ಟಿದ್ದು." ಅವಳ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಆಸ್ಪತ್ರೆಯವರು ನಿಮಗೆ ಫೋನ್ ಮಾಡಿದ್ರು ಅಂತ ಅವರೇ ಹೇಳಿದ್ರು. ಕ್ಯಾಂಟೀನಿಗೆ ಕರೆದಾಗ, ಇವತ್ತು ಕೇಳೇ ಕೇಳ್ತಾರೆ ಅಂದ್ಕೊಂಡೆ. ಕೇಳಲಿಲ್ಲ. ಮಾರನೇ ದಿನ ಅವರಿಗೆ ಹೂಂ ಅಂದ್ಬಿಟ್ಟೆ."

"ಏನು ಕೇಳ್ಬೇಕಿತ್ತು?"

"ಏನು ಬೇಕು ಅಂತ."

"ಏನು ಬೇಕಿತ್ತು?"

ಕಿವಿ ಓದುವ ಕೊಠಡಿಯ ಕಿಟಕಿಯ ಕಡೆ ನೋಡಿದಳು. "ಕುಲಪತಿಗಳ ಕೋಣೆಲಿ, ಕೇಳೋ ದಿನ, ಒಳಗೆ ಒಂದು ಕುರ್ಚಿ. ನಾನೇನೂ ಮಾತಾಡ್ಬೇಕಾಗಿರಲಿಲ್ಲ. ಪೈಪ್ ಯಜಮಾನರು ತಂಗಿ ಹೆಸರು ಹೇಳಿ ಅತ್ತಾಗ ನಾನು ಹೊರಗೆ ಬೆಂಚಿನ ಮೇಲಿದ್ದೆ. ಗೋಡೆಯಾಚೆಯಿಂದ ಕೇಳಿಸ್ತು. 'ಆ ಮಗು ಎಲ್ಲಿ' ಅಂತ ಎರಡು ಸಲ ಕೇಳಿದ್ರು."

ಅದು ಮುಖ್ಯಸ್ಥೆಗೆ ನೆನಪಿತ್ತು. 'ಹೊರಗಿದಾಳೆ' ಎಂದು ಹೇಳಿ ಒಪ್ಪಂದದ ಪತ್ರವನ್ನು ಮುಂದಕ್ಕೆ ಸರಿಸಿದವರು ಅವರೇ.

"ನನ್ನ ಜಾಗಕ್ಕೆ ನಿನ್ನನ್ನೇ ಅಂದ್ಕೊಂಡಿದ್ದೆ. ನಾಲ್ಕು ವರ್ಷ ಆಯ್ತು."

"ಯಾರಿಗೆ ಹೇಳಿದ್ರಿ?"

"ಯಾರಿಗೂ ಹೇಳಿಲ್ಲ."

ಕಿವಿ ಸಣ್ಣಗೆ ನಕ್ಕಳು. ನಗುವಾಗ ಅವಳ ಕಣ್ಣು ತುಂಬಿದ್ದು ಮುಖ್ಯಸ್ಥೆಗೆ ಕಂಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಯಿತು. ಕೈಚೀಲದ ಪತ್ರವನ್ನು ಅವರು ಹೊರಗೆ ತೆಗೆಯಲಿಲ್ಲ, ತೆಗೆಯದಷ್ಟು ಬುದ್ಧಿ ಉಳಿದಿತ್ತು.

"ಅಲ್ಲಿ ಕುರ್ಚಿ ಕೊಡ್ತಾರಾ?" ಎಂದು ವಾಪಸು ಬರುವಾಗ ಕೇಳಿದರು.

"ಕೊಡ್ತೀವಿ ಅಂದಿದಾರೆ. ಅವರು ಮೊದಲನೇ ಭೇಟಿಯಲ್ಲೇ ಏನು ಬೇಕು ಅಂತ ಕೇಳ್ಬಿಟ್ರು."

ಒಂದು ತಿಂಗಳ ಬಳಿಕ ಕಿವಿ ತನ್ನ ಫೈಲುಗಳನ್ನು ಒಪ್ಪಿಸಿದಳು. ಪಟ್ಟಿಯಲ್ಲಿ ನಲವತ್ತೆರಡು ಇದ್ದವು. ಮುಖ್ಯಸ್ಥೆಯೇ ಕೂತು ಒಂದೊಂದಾಗಿ ತೆರೆದು ನೋಡಿ ಪಟ್ಟಿಯಲ್ಲಿ ಗುರುತು ಹಾಕಿದರು. ಎಲ್ಲವೂ ಅಚ್ಚುಕಟ್ಟು, ಎಲ್ಲದಕ್ಕೂ ಮುಂದಿನ ಹೆಜ್ಜೆ. ಕಿವಿ ಎಲ್ಲರಿಗೂ ಹೇಳಿ ಹೊರಟುಹೋದ ಮೇಲೆ ನೋಡಿದರೆ ಮೇಜಿನ ಮೇಲೆ ಇನ್ನೊಂದು ಫೈಲು ಉಳಿದಿತ್ತು. ಅದರ ಮೇಲೆ ಮುಖ್ಯಸ್ಥೆಯ ಹೆಸರಿತ್ತು, ಕೆಳಗೆ ಸಣ್ಣದಾಗಿ 'ಅಭ್ಯಾಸ' ಎಂದು ಬರೆದಿತ್ತು.

ಆರು ವರ್ಷದ ಹಿಂದಿನ ಹಾಳೆ. ಆಮೇಲೆ ಬೇರೆ ಬೇರೆ ಶಾಯಿಯಲ್ಲಿ ತುಂಬುತ್ತಾ ಬಂದಿತ್ತು. 'ಕಾಫಿಗೆ ಸಕ್ಕರೆ ಬೇಡ, ಕೇಳದೆ ಹಾಕಿದರೆ ಕುಡಿದುಬಿಡುತ್ತಾರೆ. ಸೋಮವಾರ ಹತ್ತರೊಳಗೆ ಏನೂ ಕೇಳಬಾರದು. ಹೊಗಳಿದರೆ ಕಿಟಕಿ ನೋಡುತ್ತಾರೆ. ಅಕ್ಕನ ಮಾತಿಗೆ ಬೆಲೆ ಕೊಡುತ್ತಾರೆ, ಎರಡು ದಿನ ತಡವಾಗಿ. ಎಡ ಮಂಡಿ: ಲಿಫ್ಟ್ ಕೆಟ್ಟ ದಿನ ಬೆಳಿಗ್ಗೆ ಎಂಟಕ್ಕೇ ಸಭೆಯನ್ನು ಕೆಳಗಿನ ಕೋಣೆಗೆ ಹಾಕಿಸುವುದು.' ಇಷ್ಟನ್ನು ಓದಿ ಮುಖ್ಯಸ್ಥೆ ಸ್ವಲ್ಪ ಹೊತ್ತು ಮಂಡಿಯ ಮೇಲೆ ಕೈಯಿಟ್ಟು ಕೂತರು.

ಕೊನೆಯ ಕಲಂಗೆ ಒಂದು ಹೆಚ್ಚುವರಿ ಕಾಗದ ಅಂಟಿಸಿತ್ತು. ಮುಂದಿನ ಹೆಜ್ಜೆ: 'ಒಳಗೆ ಕುರ್ಚಿ ಬೇಕೆಂದು ಹೇಳಬೇಕು. ನಾನಾಗಿ ಹೇಳಿದರೆ ನಿಯಮಕ್ಕೆ ಎದುರಾಡಿದಳು ಅಂದುಕೊಳ್ಳುತ್ತಾರೆ. ಅವರಾಗಿ ಕೇಳುವವರೆಗೆ ಕಾಯುವುದು.' ತಾರೀಕು ನಾಲ್ಕು ವರ್ಷದ ಹಿಂದಿನದು, ಓದುವ ಕೊಠಡಿಯ ಒಪ್ಪಂದವಾದ ವಾರದ್ದು. ಅದರ ಕೆಳಗೆ ಮೂರು ಮೂರು ತಿಂಗಳಿಗೊಂದು ತಾರೀಕು, ಪ್ರತಿ ತಾರೀಕಿನ ಮುಂದೆ ಅದೇ ಪದ. ಕಾಯುವುದು. ಕಾಯುವುದು. ಮುಖ್ಯಸ್ಥೆ ಎಣಿಸಿದರು, ಹದಿನಾರು ಸಲ ಇತ್ತು. ಕಾನೂನು ಎಲ್ಲೂ ತಪ್ಪಿರಲಿಲ್ಲ. ಕೊನೆಯ ಸಾಲು ಆ ಬುಧವಾರದ್ದು: 'ಕಾಫಿಗೆ ಕರೆದರು. ಕೇಳಲಿಲ್ಲ. ಫೈಲು ಮುಚ್ಚಬಹುದು.'

ಮುಖ್ಯಸ್ಥೆಗೆ ನಾಚಿಕೆಯಾಯಿತು. ದುಃಖ ಬಂದದ್ದು ಆಮೇಲೆ. ಕಣ್ಣು ಒರೆಸಿಕೊಂಡು, ಫೈಲನ್ನು ಬೀರುವಿಗೆ ಹಾಕದೆ ತಮ್ಮ ಮೇಜಿನ ಖಾನೆಯಲ್ಲಿಟ್ಟರು. ಬಾಗಿಲು ತೆರೆದು ಟೈಪಿಸ್ಟಳನ್ನು ಒಳಗೆ ಕರೆದರು.

"ಕೂತ್ಕೋ" ಎಂದರು. "ಇಲ್ಲಿ ಕೆಲಸ ಮಾಡೋಕೆ ನಿನಗೆ ಏನು ಬೇಕು, ಹೇಳು."

ಹನ್ನೆರಡು ವರ್ಷದಿಂದ ಆ ಕಚೇರಿಯಲ್ಲಿದ್ದವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದಳು.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ?" ಎಂದು ಕೇಳಿದಳು.