ಬರೀ ಚಹಾದ ಮೇಲೆ ಹೊರಟ ಸೈಕಲ್ ಸವಾರಿ

ಬೆಳಿಗ್ಗೆ ಒಂದು ಕಪ್ ಚಹಾ ಕುಡಿದು, ಹೊಟ್ಟೆಗೆ ಮತ್ತೇನೂ ಹಾಕದೆ ಮನೆ ಬಿಡುವವರು ನಮ್ಮ ಕಡೆ ಬಹಳ ಜನ. ಕಲ್ಲಿನ ಗಣಿಗೆ ಹೋಗುವವರು, ಸೈಕಲ್ ಮೇಲೆ ಹಾಲು ಹಾಕುವವರು, ಕಾಲೇಜಿಗೆ ಓಡುವ ಹುಡುಗಿಯರು, ಎಲ್ಲರದೂ ಒಂದೇ ಮಾತು: "ಆಮ್ಯಾಲ ತಿಂದ್ರಾತು." ಶಹಾಬಾದಿನ ಅಬ್ದುಲ್ ಸಲಾಂ ಕೂಡ ಹಾಗೆಯೇ ಬೆಳೆದವರು.

ಸಲಾಂ ಅವರದು ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿ. ತಂದೆಯ ಕಾಲದಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿ. ಈಗ ಅಲ್ಲಿ ಗೇರ್ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸಲಾಂ ದಿನವೂ ಅಂಗಡಿಯ ಸುದ್ದಿ ಬರೆಯುತ್ತಾರೆ. "ಹೊಸ ಟೈರ್ ಬಂದಾವ." "ಭಾನುವಾರ ವಾಡಿ ತನಕ ಸವಾರಿ, ಬರೋರು ಹೆಸರು ಬರಸ್ರಿ." ಹೋಗಿ ಬರುವವರೆಲ್ಲ ನಿಂತು ಓದುತ್ತಾರೆ. ಹೀಗೆ ಓದಿ ಸೇರಿಕೊಂಡವರಲ್ಲಿ ಒಬ್ಬರು ಅಂಗಡಿಯ ಎದುರಿಗೇ ಬಟ್ಟೆ ಹೊಲಿಯುವ ಜಗದೇವಪ್ಪ.

ಜಗದೇವಪ್ಪನಿಗೆ ಐವತ್ತು ವರ್ಷ. ಸಲಾಂಗೆ ಬಾಲ್ಯದ ಗೆಳೆಯ. ದಿನವಿಡೀ ಮಷೀನಿನ ಮುಂದೆ ಕುಂತು ಮೈ ಬಂದಿತ್ತು. ಸಲಾಂ ಮಾತು ಕೇಳಿ ಸೈಕಲ್ ತುಳಿಯಲು ಶುರು ಮಾಡಿದ ಮೇಲೆ ಮೈ ಹಗುರಾಯಿತು, ನಿದ್ದೆ ಚೆನ್ನಾಗಿ ಬರತೊಡಗಿತು. ಸೈಕಲ್ ವಿಷಯದಲ್ಲಿ ಸಲಾಂ ಏನು ಹೇಳಿದರೂ ಅದೇ ಅವನಿಗೆ ಕೊನೆಯ ಮಾತು.

ಸಲಾಂ ಹೇಳುತ್ತಿದ್ದುದು ಇಷ್ಟು: ಸವಾರಿಗೆ ಮುಂಚೆ ಊಟ ಮಾಡಬಾರದು, ನಡುವೆ ನೀರು ಕುಡಿಯಬಾರದು. ಊಟ ಮಾಡಿದರೆ ಮೈ ಭಾರ, ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ. ಇಪ್ಪತ್ತನೇ ವಯಸ್ಸಿನಲ್ಲಿ ವಾಡಿಯ ಸೈಕಲ್ ಸ್ಪರ್ಧೆಯೊಂದರಲ್ಲಿ ಅವರು ಖಾಲಿ ಹೊಟ್ಟೆಯಲ್ಲೇ ಮೊದಲಿಗರಾಗಿ ಬಂದಿದ್ದರು. ಆ ಗೆಲುವಿನ ಮೇಲೆ ಅವರಿಗೆ ಬಲು ನಂಬಿಕೆ.

ಮಾರ್ಚ್ ತಿಂಗಳಲ್ಲಿ ಶಹಾಬಾದಿನಿಂದ ವಾಡಿ, ಚಿತ್ತಾಪುರ ಹಾಯ್ದು ಸೇಡಂ ತನಕ ದೊಡ್ಡ ಸವಾರಿ ಇಟ್ಟುಕೊಂಡರು. ಎರಡು ದಿನ ಮುಂಚೆ ಆಶಾ ಕಾರ್ಯಕರ್ತೆ ರಮಾಬಾಯಿ ತಮ್ಮ ಸೈಕಲ್ಲಿಗೆ ಪಂಚರ್ ಹಾಕಿಸಲು ಬಂದರು. ಕರಿಹಲಗೆ ಓದಿ ಕೇಳಿದರು.

"ಸಲಾಂಭಾಯ್, ಐವತ್ತರ ಮ್ಯಾಲ ಕಿಲೋಮೀಟರ್ ಹೊಂಟೀರಿ. ಊಟ, ನೀರಿಂದು ಏನ್ ಬಂದೋಬಸ್ತ್ ಮಾಡೀರಿ?"

"ಸೇಡಂ ಮುಟ್ಟಿದ ಮ್ಯಾಲ ಬಿರ್ಯಾನಿ ಅದ ಅಕ್ಕಾ. ಹೋಗಾಗ ಬರೀ ಚಹಾ."

"ಅಷ್ಟು ಬಿಸಿಲಾಗ ಬರೀ ಚಹಾದ ಮ್ಯಾಲ? ಬ್ಯಾಡ್ರಿ. ಬೆವರಿನಾಗ ನೀರೂ ಹೋಗ್ತದ, ಉಪ್ಪೂ ಹೋಗ್ತದ. ತಲಿ ತಿರಗ್ತದ."

"ನಾ ಖಾಲಿ ಹೊಟ್ಟೀಲೆ ರೇಸ್ ಗೆದ್ದಾಂವ ಅಕ್ಕಾ!"

"ಅವಾಗ ನಿಮಗ ಇಪ್ಪತ್ತು ವರ್ಷ. ಚಳಿಗಾಲ. ಹತ್ತು ಕಿಲೋಮೀಟರ್. ಈಗ ಜಗದೇವಪ್ಪಣ್ಣಗ ಐವತ್ತು ಆಗ್ಯಾವ, ಮಾರ್ಚ್ ತಿಂಗಳದಾಗ ಐವತ್ತು ಕಿಲೋಮೀಟರ್ ಕರ್ಕೊಂಡ್ ಹೊಂಟೀರಿ."

ಅಲ್ಲಿದ್ದವರೆಲ್ಲ ನಕ್ಕರು. ಸಲಾಂ ಕೂಡ ನಕ್ಕರು. ರಮಾಬಾಯಿ ಚೀಲದಿಂದ ಹತ್ತು ಓಆರ್‌ಎಸ್ ಪೊಟ್ಟಣ ತೆಗೆದು ಕೊಟ್ಟು ಹೋದರು. ಸಲಾಂ ಅವನ್ನು ಮೇಜಿನ ಡ್ರಾದಲ್ಲಿ ಹಾಕಿ ಮುಚ್ಚಿದರು.

ಆ ಭಾನುವಾರ ಆರು ಗಂಟೆಗೆ ಹೊರಡಬೇಕಿತ್ತು. ಬಾವುಟ ತೋರಿಸಲು ಬರಬೇಕಿದ್ದ ಅತಿಥಿ ತಡವಾಗಿ ಬಂದರು. ಭಾಷಣ, ಫೋಟೋ ಮುಗಿದು ಸೈಕಲ್ ಹತ್ತುವಾಗ ಎಂಟೂವರೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. 'ಇವತ್ತು ವಾಡಿ ತನಕ ಹೋಗಿ ತಿರುಗಿ ಬರೋಣ' ಎನ್ನುವ ಮಾತು ಸಲಾಂ ಅವರ ಬಾಯಿಗೆ ಬಂದಿತ್ತು. ಹೊಸ ಟೀ ಶರ್ಟ್ ಹಾಕಿಕೊಂಡು ನಿಂತ ಹದಿನಾಲ್ಕು ಜನರನ್ನು ನೋಡಿ ನುಂಗಿಕೊಂಡರು.

ವಾಡಿ ದಾಟಿದರು. ಸಿಮೆಂಟ್ ಲಾರಿಗಳ ಧೂಳಿನಲ್ಲಿ ಚಿತ್ತಾಪುರವೂ ಹಿಂದಾಯಿತು. ಅಲ್ಲಿಂದ ಒಂದಿಷ್ಟು ದೂರ ಹೋದ ಮೇಲೆ ಜಗದೇವಪ್ಪ ಸಲಾಂ ಪಕ್ಕಕ್ಕೆ ಸೈಕಲ್ ತಂದ. ಅವನ ಮುಖ ಕೆಂಪಾಗಿತ್ತು.

"ಸಲಾಂ, ತಲಿ ಯಾಕೋ ಭಾಳ ಸಿಡಿಲಿಕತ್ಯಾದ. ಒಂದ್ ಗುಟುಕ ನೀರ್ ಕುಡೀಲೇನು?"

"ಇನ್ನೊಂದ್ ಅರ್ಧಾ ತಾಸು ತಡಿಯಪ್ಪ. ಈಗ ಕುಡದ್ರ ಹೊಟ್ಟಿ ಹಿಡೀತದ. ತುಳಿ, ತುಳಿ."

ಜಗದೇವಪ್ಪ ತಲೆಯಾಡಿಸಿ ಮುಂದೆ ತುಳಿದ. ಬಾಟಲಿ ಅವನ ಸೈಕಲ್ಲಿಗೇ ಸಿಕ್ಕಿಸಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಗೆಳೆಯ ಬೇಡವೆಂದನೆಂದು ಮುಟ್ಟಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ಸೈಕಲ್ ಅತ್ತಿತ್ತ ವಾಲಿತು. ರಸ್ತೆ ಬಿಟ್ಟು ಅಂಚಿನ ಕಲ್ಲುಗಳ ಮೇಲೆ ಉರುಳಿತು. ಬಲಗೈ ಮೈ ಕೆಳಗೆ ಸಿಕ್ಕಿತು. ಸಲಾಂ ಓಡಿ ಹೋಗಿ ಮುಟ್ಟಿದರೆ ಮೈ ಕಾದ ಹಂಚಿನಂತಿತ್ತು. ಜಗದೇವಪ್ಪ ಏನೇನೋ ಬಡಬಡಿಸುತ್ತಿದ್ದ, ಆಮೇಲೆ ಅದೂ ನಿಂತಿತು. ಯಾರೋ ಬಾಟಲಿ ತಂದು ಬಾಯಿಗೆ ನೀರು ಹಾಕಲು ಹೋದರು. ಅಷ್ಟರಲ್ಲಿ ಸಲಾಂ ರಮಾಬಾಯಿಗೆ ಫೋನ್ ಹಚ್ಚಿ, ಗೆಳೆಯ ಎಚ್ಚರ ತಪ್ಪಿದ್ದನ್ನೂ ನೀರು ಕುಡಿಸಲು ಹೊರಟಿದ್ದನ್ನೂ ಹೇಳಿದ್ದರು.

"ಎಚ್ಚರ ಇಲ್ಲದಾಗ ಬಾಯಾಗ ನೀರು ಹಾಕಬ್ಯಾಡ್ರಿ!" ರಮಾಬಾಯಿ ಕೂಗಿ ಹೇಳಿದರು. "ಶ್ವಾಸಕೋಶದಾಗ ಹೋಗ್ತದ. ಮೊದಲ ನೆರಳಿಗೆ ತಗೊಂಡ್ ಹೋಗ್ರಿ, ಒಂದು ಮಗ್ಗಲಿಗೆ ಮಲಗಸ್ರಿ. ಅಂಗಿ ಸಡಿಲ ಮಾಡ್ರಿ. ಕುತ್ತಿಗಿ, ಬಗಲು, ಮೈಯೆಲ್ಲಾ ತಣ್ಣೀರಿಲೆ ತೋಯಿಸಿ ಗಾಳಿ ಹಾಕ್ರಿ. ಒಬ್ಬರು ನೂರಾ ಎಂಟಕ್ಕ ಫೋನ್ ಹಚ್ರಿ, ಈಗಿಂದೀಗ!"

ಹೇಳಿದಂತೆ ಮಾಡಿದರು. ಆಂಬುಲೆನ್ಸ್ ಬಂತು. ಜೀವ ಉಳಿಯಿತು. "ಇನ್ನಷ್ಟು ತಡ ಆಗಿದ್ರ ಕಿಡ್ನಿ ಹೋಗ್ತಿದ್ವು" ಎಂದರು ಡಾಕ್ಟರು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ಒಳಗೆ ಪ್ಲೇಟ್ ಹಾಕಿದರು. ಆದರೆ ಹೆಬ್ಬೆರಳಿನ ಹಿಡಿತ ಮರಳಿ ಬರಲಿಲ್ಲ. ಕತ್ತರಿ ಹಿಡಿದರೆ ಜಾರುತ್ತಿತ್ತು. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅದು.

ಜಗದೇವಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಸಲಾಂ ಅವನ ಮನೆಗೆ ಹೋದರು. ಜಗದೇವಪ್ಪ ಒಳಗೆ ಮಲಗಿದ್ದ. ಅವನ ಹೆಂಡತಿ ಭಾಗಮ್ಮ ಗ್ರಾಹಕರ ರವಿಕೆಗಳಿಗೆ ಹುಕ್ಕು ಹಚ್ಚುತ್ತ ಕುಳಿತಿದ್ದಳು.

"ಬರ್ರಿ ಅಣ್ಣಾ, ಕುಂದ್ರಿ," ಎಂದಳು. ಆಮೇಲೆ ಸೂಜಿಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು, "ಅವತ್ತು ನಸಕಿನಾಗ ಎದ್ದು ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ದೆ. ನೀವು ಬ್ಯಾಡ ಅಂದೀರಂತ ಕಿಟಕ್ಯಾಗ ಇಟ್ಟು ಹ್ವಾದ್ರು. ಸಂಜಿಕಿ ನೋಡಿದ್ರ ಅಲ್ಲೇ ಇದ್ವು."

ಅವಳು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಲಾಂಗೆ. ಜಗದೇವಪ್ಪ ಒಳಗಿಂದ, "ಅವಗ ಯಾಕ ಅಂತೀ? ತುಳದಾಂವ ನಾನು" ಎಂದಾಗಲಂತೂ ಅವರಿಗೆ ತಲೆ ಎತ್ತಲಾಗಲಿಲ್ಲ.

ನಾಲ್ಕು ದಿನ ಸಲಾಂ ಅಂಗಡಿ ತೆರೆಯಲಿಲ್ಲ. ಡ್ರಾದಲ್ಲಿದ್ದ ಹತ್ತು ಪೊಟ್ಟಣ ನೆನಪಾದಾಗಲೆಲ್ಲ ಊಟದ ತಾಟು ಸರಿಸಿ ಎದ್ದುಬಿಡುತ್ತಿದ್ದರು. ಐದನೇ ದಿನ ಅವರ ಹೆಂಡತಿ ಸರ್ವರಬೇಗಂ ತಾವೇ ಹೋಗಿ ರಮಾಬಾಯಿಯನ್ನು ಮನೆಗೆ ಕರೆದುಕೊಂಡು ಬಂದರು.

"ಅಕ್ಕಾ, ನನ್ನ ತಪ್ಪು ಆಗಿ ಹೋಗ್ಯಾದ," ಎಂದರು ಸಲಾಂ. "ನನಗ ಇನ್ನಾ ಪೂರಾ ತಿಳೀವಲ್ದು. ಹೊಟ್ಟಿ ತುಂಬಿದ್ರ ಸೈಕಲ್ ಹ್ಯಾಂಗ ತುಳೀಬೇಕು?"

"ಹೊಟ್ಟಿ ಬಿರಿಯೋ ಹಂಗ ತಿನ್ರಿ ಅಂತ ನಾ ಹೇಳಿಲ್ಲ ಭಾಯ್. ಹೊರಡೋಕಿಂತ ಒಂದ್ ಒಂದೂವರಿ ತಾಸು ಮುಂಚೆ ಒಂದ್ ಜ್ವಾಳದ ರೊಟ್ಟಿ, ಬ್ಯಾಳಿ. ಇಲ್ಲಾಂದ್ರ ಉಪ್ಪಿಟ್ಟು, ಬಾಳಿಹಣ್ಣು."

"ಡಬ್ಬಿ ಪುಡಿ ತರಬೇಕೇನ್ರಿ?" ಸರ್ವರಬೇಗಂ ಕೇಳಿದರು. "ಶಕ್ತಿ ಬರ್ತದ ಅಂತ ಮೊಬೈಲಿನಾಗ ತೋರಸ್ತಾರಲ್ಲ."

"ಅದೇನೂ ಬ್ಯಾಡ್ರಿ. ಖಜೂರ, ಶೇಂಗಾ ಚಿಕ್ಕಿ, ಬಾಳಿಹಣ್ಣು ಕಿಸೇದಾಗ ಇರಲಿ. ತಾಸಿಗೊಮ್ಮೆ ತಿನ್ಲಿ. ನೀರು ನೀರಡಿಕಿ ಆಗೋ ತನಕ ಕಾಯಬಾರದು. ಕಾಲು ತಾಸಿಗೊಮ್ಮೆ ನಾಕು ಗುಟುಕು. ಒಮ್ಮೆಲೇ ಬಾಟಲಿ ಖಾಲಿ ಮಾಡಿದ್ರ ಹೊಟ್ಟಿ ಹಿಡೀತದ, ಆ ಮಾತು ಖರೇ. ಸಣ್ಣ ಸಣ್ಣ ಗುಟುಕಿಗೆ ಹಿಡಿಯಂಗಿಲ್ಲ. ಬೆವರು ಭಾಳ ಹೋದ್ರ ಒಂದ್ ಲೀಟರ್ ಶುದ್ಧ ನೀರಿಗೆ ಒಂದ್ ಓಆರ್‌ಎಸ್ ಪೊಟ್ಟಣ. ಮನಿಗಿ ಬಂದ ಮ್ಯಾಲ ಮಜ್ಜಿಗಿ, ಬ್ಯಾಳಿ, ತತ್ತಿ."

"ಸಕ್ಕರಿ ಕಾಯಿಲಿ, ಬಿಪಿ ಇದ್ದೋರು?" ಸಲಾಂ ಕೇಳಿದರು.

"ಅವರು ಮೊದಲ ಡಾಕ್ಟರಿಗಿ ಕೇಳಬೇಕು. ತಲಿ ಸಿಡಿತು, ವಾಂತಿ ಬಂದಂಗಾತು, ಕಾಲು ಸೆಳೀತು ಅಂದ್ರ ಯಾರೇ ಇರ್ಲಿ, ಅಲ್ಲೇ ಇಳೀಬೇಕು. ಬ್ಯಾಸಗ್ಯಾಗ ಒಂಬತ್ತು ಗಂಟೇದೊಳಗ ಮನೀಗಿ ಬರಬೇಕು. ತಡ ಆದ್ರ ಸವಾರಿ ರದ್ದು. ನಾಚಿಕಿ ಪಡೋದು ಏನದ ಅದ್ರಾಗ?"

ಸಲಾಂ ಎಲ್ಲವನ್ನೂ ಹಾಳೆಯ ಮೇಲೆ ಬರೆದುಕೊಂಡರು. ಬರೆಯುವಾಗ ಅವರ ಕಣ್ಣು ತುಂಬಿತ್ತು.

ಈ ಡಿಸೆಂಬರಿನಲ್ಲಿ ಮತ್ತೆ ಸವಾರಿ ನಡೆಯಿತು, ವಾಡಿ ತನಕ ಮಾತ್ರ. ಸರ್ವರಬೇಗಂ ಮತ್ತು ಭಾಗಮ್ಮ ಐದು ಗಂಟೆಗೇ ಉಪ್ಪಿಟ್ಟು ಮಾಡಿದ್ದರು. ಜಗದೇವಪ್ಪ ಸೈಕಲ್ ಹತ್ತಲಿಲ್ಲ. ಬ್ರೇಕ್ ಹಿಡಿಯಲು ಆ ಕೈಗೆ ಬಲವಿಲ್ಲ. ಆದರೂ ಬಂದು ನಿಂತಿದ್ದ. ಸಲಾಂ ಹೊರಡುವ ಮುಂಚೆ ಎಲ್ಲರ ಎದುರು ಹೇಳಿದರು, "ನಾ ತಪ್ಪು ಕಲಿಸಿದ್ದೆ. ನನ್ನ ಮಾತು ಕೇಳಿ ನನ್ನ ಗೆಳೆಯ ಕೈ ಕಳಕೊಂಡ. ಇವತ್ತು ತಿನ್ನದೆ ಯಾರೂ ಹೊರಡಂಗಿಲ್ಲ."

ಕೊನೆಗೆ ಬಂದ ಒಬ್ಬ ಗಡಿಬಿಡಿ ಮಾಡಿದ. "ಚಹಾ ಆಗ್ಯಾದ ಕಾಕಾ, ಸಾಕು. ತಡ ಆಗ್ತದ."

ಸಲಾಂ ಉತ್ತರ ಕೊಡುವ ಮುಂಚೆ ಜಗದೇವಪ್ಪ ಎಡಗೈಯಿಂದ ಉಪ್ಪಿಟ್ಟಿನ ತಾಟು ಅವನ ಮುಂದೆ ಹಿಡಿದ. "ಕುಂದ್ರಪ್ಪ, ನಾಕು ತುತ್ತರೇ ತಿನ್ನು. ಹತ್ತು ನಿಮಿಷ ತಡ ಆದ್ರ ನಿಂದೇನೂ ಹೋಗಂಗಿಲ್ಲ. ನಂದು ಹೋಗ್ಯಾದ."

ಅವನು ತಾಟು ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತ. ಎಲ್ಲರೂ ಅವನು ತಿನ್ನುವ ತನಕ ಕಾದರು.

ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಸೈಕಲ್ ತುಳಿಯಿರಿ, ಅದು ಮೈಗೆ ಒಳ್ಳೆಯದು. ಆದರೆ ಖಾಲಿ ಹೊಟ್ಟೆಯಲ್ಲಿ, ಸುಡು ಬಿಸಿಲಿನಲ್ಲಿ ತುಳಿಯಬೇಡಿ. ತಿಂದು ಹೊರಡಿ. ಬಾಟಲಿ ತುಂಬಿಕೊಳ್ಳಿ, ಗುಟುಕು ಗುಟುಕಾಗಿ ಕುಡಿಯಿರಿ. ಗೊತ್ತಿಲ್ಲದ್ದನ್ನು ನಿಮ್ಮ ಊರಿನ ಆಶಾ ಅಕ್ಕನಿಗೆ ಕೇಳಿ, ಅವರು ಹೇಳಿದಾಗ ನಕ್ಕು ಸುಮ್ಮನಾಗಬೇಡಿ. ಜೊತೆಗಿದ್ದವರು "ತಲೆ ತಿರುಗುತ್ತಿದೆ" ಎಂದರೆ ಮುಂದಿನ ಊರಿನ ತನಕ ಕಾಯಬೇಡಿ. ಅಲ್ಲೇ ಇಳಿಯಿರಿ, ಅವರನ್ನೂ ಇಳಿಸಿ.