ಅದೇ ಹೆಸರು, ಬೇರೆ ಬಾಲ

ಫೋನಿನಲ್ಲಿ ಮೊದಲು ಕೇಳಿಸಿದ್ದು ಕೂಸಿನ ಅಳು. ಅದರ ಹಿಂದೆಯೇ ಒಬ್ಬ ಮುದುಕಿಯ ದನಿ: "ನಿಮ್ಮ ತೊಟ್ಟಿಲದ ಕೊಂಡಿ ಮುರದು ನನ್ನ ಮೊಮ್ಮಗಳು ಬಿದ್ದಾಳ, ಆಸ್ಪತ್ರ್ಯಾಗ ಅದೀವಿ. ಹೆಸರು ನೋಡಿ ತಗೊಂಡಿದ್ವಿ!"

ನಮ್ಮ ಮನೆಯವರು ಬಣ್ಣದ ತೊಟ್ಟಿಲು ಮಾಡುವವರು. ಅಜ್ಜಿ ಚನ್ನವ್ವನ ಹೆಸರೇ ಅಂಗಡಿಯ ಹೆಸರು. ಅಪ್ಪ ರಾಚಪ್ಪ ಮರಗೆಲಸ ನೋಡಿಕೊಂಡರೆ, ನಾನು ವೆಬ್‌ಸೈಟ್ ಮಾಡಿ ದೂರದ ಊರುಗಳಿಗೆ ಮಾರುತ್ತಿದ್ದೆ. ನಮ್ಮ ವಿಳಾಸ ಡಾಟ್ ಕಾಮ್ ಎಂದು ಮುಗಿಯುತ್ತಿತ್ತು. ಆಗಷ್ಟೇ ಡಾಟ್ ಶಾಪ್, ಡಾಟ್ ಸ್ಟೋರ್ ಎಂಬ ಹೊಸ ಬಾಲಗಳು ಬಂದಿದ್ದವು. ನಮ್ಮ ಹೆಸರಿಗೇ ಬೇರೆ ಬಾಲ ಅಂಟಿಸಿ ಯಾರು ಬೇಕಾದರೂ ಅಂಗಡಿ ತೆರೆಯಬಹುದಿತ್ತು.

ಮುದುಕಿ ಹೇಳಿದ ಆರ್ಡರ್ ನಮ್ಮಲ್ಲಿ ಇರಲಿಲ್ಲ. ಅನುಮಾನ ಬಂದು ನಮ್ಮ ಹೆಸರಿನ ಕೊನೆಗೆ ಡಾಟ್ ಶಾಪ್ ಎಂದು ಹೊಡೆದೆ. ತೆರೆದುಕೊಂಡ ಪುಟದಲ್ಲಿ ನಮ್ಮ ತೊಟ್ಟಿಲುಗಳ ಚಿತ್ರಗಳಿದ್ದವು, ಅಜ್ಜಿಯ ಫೋಟೊ ಕೂಡ ಇತ್ತು. ಫೋನ್ ನಂಬರ್ ಮಾತ್ರ ಯಾರದೋ. ಎಷ್ಟು ಸಲ ಮಾಡಿದರೂ ಎತ್ತಲಿಲ್ಲ; ಮುದುಕಿಯೂ ಅದಕ್ಕೇ ಹೆಸರು ಹುಡುಕಿ ನಮಗೆ ಮಾಡಿದ್ದಳು.

ನಮ್ಮ ವಕೀಲರು ಖಡಾಖಂಡಿತವಾಗಿ ಹೇಳಿದರು: "ಅದು ನಮ್ಮದಲ್ಲ ಅಂತ ಬರದು ಕಳಸ್ರಿ. ಆಸ್ಪತ್ರಿಗೆ ಹೋದ್ರ ತಪ್ಪು ಒಪ್ಪಿಕೊಂಡಂಗ ಆಗ್ತದ."

ನನಗೂ ಅದೇ ಸರಿ ಎನಿಸಿತು. ಅಪ್ಪ ಕೇಳಿದರು: "ಅಂಥಾ ತೊಟ್ಟಿಲಾ ಇನ್ನೂ ಎಷ್ಟು ಮನ್ಯಾಗ ತೂಗಾಕತ್ತಾವು?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಯತ್ತ ಹೊರಟೇಬಿಟ್ಟರು. ಕೂಸಿನ ಹೆಗಲಿನ ಎಲುಬು ಬಿರುಕು ಬಿಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು. ಅಲ್ಲಿಂದಲೇ ಅಪ್ಪ ಫೋನಿನಲ್ಲಿ ನನಗೆ ಹೇಳಿ ನಮ್ಮ ಪುಟದ ನೆತ್ತಿಯ ಮೇಲೆ ಬರೆಸಿದರು: 'ನಮ್ಮ ಹೆಸರಿನ ತೊಟ್ಟಿಲಲ್ಲಿ ಸದ್ಯಕ್ಕೆ ಕೂಸನ್ನು ಮಲಗಿಸಬೇಡಿ. ಯಾರಿಂದ ಕೊಂಡಿದ್ದರೂ ಫೋನ್ ಮಾಡಿ. ಕೊಂಡಿ ಬದಲಿಸಿ ಕೊಡುತ್ತೇವೆ.'

"ಅಪ್ಪಾ, ಇದನ್ನ ಓದಿದ ಮ್ಯಾಲೆ ನಮ್ಮ ಹತ್ರ ಯಾರು ತಗೋತಾರ?"

"ತಗೊಳ್ಳದಿದ್ರ ಬಿಡ್ಲಿ. ನೀ ಬರಿ."

ಆರ್ಡರುಗಳು ನಿಂತವು. ಫೋನು ಮಾತ್ರ ನಿಲ್ಲಲಿಲ್ಲ. ನಾವು ಊರೂರು ಅಲೆದು ಕೊಂಡಿ ಬದಲಿಸಿದೆವು. ದೂರು ಕೊಟ್ಟ ಕೆಲವು ವಾರಗಳ ಮೇಲೆ ಆ ಪುಟ ಮುಚ್ಚಿತು, ನಡೆಸುತ್ತಿದ್ದವನು ಸಿಗಲಿಲ್ಲ. ಅಷ್ಟರಲ್ಲಿ ಅಜ್ಜಿಯ ಫೋಟೊ ಮತ್ತೊಂದು ಬಾಲದ ಪುಟದಲ್ಲಿ ಕಾಣಿಸಿಕೊಂಡಿತ್ತು.

ಕೂಸಿನ ಎಲುಬು ಕೂಡಿದ ಮೇಲೆ ಅಪ್ಪ ತಾವೇ ಮಾಡಿದ ತೊಟ್ಟಿಲನ್ನು ಒಯ್ದು ಆ ಮನೆಯ ತೊಲೆಗೆ ಕಟ್ಟಿದರು. ಫೋನ್ ಮಾಡಿದ್ದ ಮುದುಕಿ ನೀಲವ್ವ ಮಲಗಿಸಲು ಕೂಸನ್ನು ಕೊಡಲಿಲ್ಲ. ಅಡುಗೆಮನೆಯಿಂದ ರುಬ್ಬುವ ಗುಂಡು ತಂದು ತೊಟ್ಟಿಲಲ್ಲಿ ಇಟ್ಟು ಜೋರಾಗಿ ತೂಗಿದಳು. ಸರಪಳಿ ಕಿರುಗುಟ್ಟಿತು. ಕೊಂಡಿ ಬಿಡಲಿಲ್ಲ.

"ಈ ಸಲ ಹೆಸರು ನೋಡಂಗಿಲ್ಲ," ಎಂದಳು.

"ನೋಡಬ್ಯಾಡ್ರಿ, ಯವ್ವಾ," ಎಂದರು ಅಪ್ಪ.

ಕಡೆಗೆ ಅವಳು ಗುಂಡು ತೆಗೆದು ಕೂಸನ್ನು ಮಲಗಿಸಿದಳು. ಅಪ್ಪ ನೆಲದ ಮೇಲೆ ಕುಳಿತು ತೊಟ್ಟಿಲಿನ ಕೆಳಗೆ ಎರಡೂ ಅಂಗೈ ಚಾಚಿದರು. ಕೂಸಿಗೆ ನಿದ್ದೆ ಹತ್ತಿತು. ಅವರು ಕೈ ತೆಗೆಯಲಿಲ್ಲ.